ಸಮಾಜಕಾರ್ಯದಲ್ಲಿ ವೃತ್ತಿಯ ದಾರಿ ಆರಿಸಿಕೊಳ್ಳುವುದು: ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪದವೀಧರರಿಗೆ ಸಮಗ್ರ ಮಾರ್ಗದರ್ಶಿ

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹಾಸನ, ಬೇಲೂರು, ಕಡೂರು, ಮೂಡಿಗೆರೆಗಳ ಕಾಲೇಜುಗಳಿಂದ ಹೊರಬರುವ ಅನೇಕರು ನನ್ನ ಬಳಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ನಾಲ್ಕು ಜನಕ್ಕೆ ಉಪಯೋಗವಾಗುವ ಕೆಲಸ ಮಾಡಬೇಕು, ಮನೆಯ ಖರ್ಚೂ ನಡೆಯಬೇಕು. ಈ ಎರಡೂ ಒಟ್ಟಿಗೆ ಸಾಧ್ಯವಿದೆ. ಆದರೆ ಅದಕ್ಕೆ ಮೊದಲು ಸಮಾಜಸೇವೆ ಮತ್ತು ಸಮಾಜಕಾರ್ಯ ಎಂಬ ಎರಡು ಪದಗಳ ನಡುವಿನ ಅಂತರವನ್ನು ಮನಸ್ಸಿಗೆ ತಂದುಕೊಳ್ಳಬೇಕು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದಾಗ ಅಕ್ಕಿ, ಬೇಳೆ, ಕಂಬಳಿ ಹೊತ್ತು ಹೋದವರು ಮಾಡಿದ್ದು ಸೇವೆ. ಅದು ದೊಡ್ಡ ಕೆಲಸವೇ, ಅದಕ್ಕೆ ಒಳ್ಳೆಯ ಮನಸ್ಸು ಸಾಕು. ಅದಾದ ಮೇಲೆ ಯಾರ ಮನೆಯ ಕಾಗದಪತ್ರ ಮಣ್ಣುಪಾಲಾಗಿದೆ, ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ, ಮಳೆಯ ಸದ್ದು ಕೇಳಿದರೆ ಯಾವ ಮಗು ಇನ್ನೂ ಬೆಚ್ಚಿಬೀಳುತ್ತಿದೆ ಎಂಬುದನ್ನು ವರ್ಷಗಟ್ಟಲೆ ಹಿಂಬಾಲಿಸಿ, ದಾಖಲಿಸಿ, ಕೊನೆ ಮುಟ್ಟಿಸುವುದು ಸಮಾಜಕಾರ್ಯ. ಅದಕ್ಕೆ ತರಬೇತಿ ಬೇಕು, ವಿಧಾನ ಬೇಕು, ಸಂಬಳವೂ ಬೇಕು. ನಮ್ಮ ದೇಶದಲ್ಲಿ ಈ ತರಬೇತಿ ಆರಂಭವಾದದ್ದು 1936ರಲ್ಲಿ, ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ತೆರೆದ ಶಾಲೆಯಿಂದ. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ.

ಮೊದಲ ಹೆಜ್ಜೆ: ಗುರಿಗಿಂತ ಮೊದಲು ದಿನಚರಿಯನ್ನು ನೋಡುವುದು

ಈ ಕ್ಷೇತ್ರಕ್ಕೆ ಬರುವವರು ಸಾಮಾನ್ಯವಾಗಿ ಗುರಿಯನ್ನು ಮೆಚ್ಚಿ ಬರುತ್ತಾರೆ. ಮಕ್ಕಳ ರಕ್ಷಣೆ, ಮಹಿಳಾ ಸಬಲೀಕರಣ, ಆದಿವಾಸಿಗಳ ಹಕ್ಕು ಎಂಬ ಪದಗಳು ಯಾರನ್ನಾದರೂ ಸೆಳೆಯುತ್ತವೆ. ಆದರೆ ನೀವು ಬದುಕಬೇಕಾದದ್ದು ಆ ಕೆಲಸದ ದಿನಚರಿಯೊಂದಿಗೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಏನು ಮಾಡಬೇಕಾಗುತ್ತದೆ, ಯಾರೊಂದಿಗೆ ಮಾತನಾಡಬೇಕಾಗುತ್ತದೆ, ಎಷ್ಟು ಬರೆಯಬೇಕಾಗುತ್ತದೆ, ಎಷ್ಟು ಕಾಯಬೇಕಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಕ್ಷೇತ್ರವನ್ನು ಆರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಆಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿತ್ತು. ಪಡಿತರ ಚೀಟಿಯಲ್ಲಿ ಅವರ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಮತ್ತೊಂದು ರೀತಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ. ಜೋಡಿಸಲು ಹೋದರೆ ಯಂತ್ರ ಅವರ ಬೆರಳಚ್ಚನ್ನು ತೆಗೆದುಕೊಳ್ಳಲಿಲ್ಲ. ಜೀವಮಾನವೆಲ್ಲ ಕಳೆ ಕಿತ್ತು, ಹಣ್ಣು ಕುಯ್ದು ಸವೆದ ಬೆರಳುಗಳು ಅವು. ಹೆಬ್ಬೆರಳಿಗೆ ತೆಂಗಿನೆಣ್ಣೆ ಹಚ್ಚಿ, ಒರೆಸಿ, ಮತ್ತೆ ಒತ್ತಿಸಿದೆವು. ನಾಡಕಚೇರಿ, ಆಧಾರ್ ಕೇಂದ್ರ, ಬ್ಯಾಂಕುಗಳ ನಡುವೆ ಐದು ಸಲ ಓಡಾಡಿದ ಮೇಲೆ ಹಣ ಬಂತು. ಮಹಿಳೆಯರಿಗೆ ಆಗಿನ್ನೂ ಉಚಿತ ಬಸ್ ಪ್ರಯಾಣ ಇರಲಿಲ್ಲ. "ನೀನು ಜೊತೆಗೆ ಬಂದಿದ್ಕೆ ಆಯ್ತು ಕಣವ್ವ, ಒಬ್ಳೇ ಓಡಾಡಿದ್ರೆ ಬರೋ ದುಡ್ಡೆಲ್ಲ ಬಸ್ ಚಾರ್ಜಿಗೇ ಆಗೋದು" ಎಂದರು ಅಜ್ಜಿ. ಆ ಐದು ದಿನಗಳು ನನಗೆ ಬೇಸರ ತರಲಿಲ್ಲ. ನನ್ನ ಜೊತೆಗೇ ಸೇರಿದ್ದ ಗೆಳತಿಗೆ ಮಾತ್ರ ಇಂಥ ಕಚೇರಿ ಅಲೆದಾಟ ಉಸಿರುಗಟ್ಟಿಸುತ್ತಿತ್ತು. ಆಕೆ ಒಂದು ವರ್ಷದಲ್ಲಿ ಆಪ್ತಸಮಾಲೋಚನೆಯ ಕಡೆ ಹೊರಳಿದಳು, ಅಲ್ಲಿ ಬಹಳ ಚೆನ್ನಾಗಿ ನೆಲೆನಿಂತಳು. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಒಗ್ಗುವ ದಿನಚರಿ ಬೇರೆಯಾಗಿತ್ತು.

ಆದ್ದರಿಂದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವ ಮುನ್ನ ಒಂದು ತಿಂಗಳನ್ನು ಇದಕ್ಕೆಂದೇ ಎತ್ತಿಡಿ. ನಿಮ್ಮೂರಿನ ಅಂಗನವಾಡಿಯಲ್ಲಿ, ಕಾರ್ಯಕರ್ತೆಯ ಒಪ್ಪಿಗೆ ಪಡೆದು, ನಾಲ್ಕು ದಿನ ಕುಳಿತು ನೋಡಿ. ಗ್ರಾಮ ಪಂಚಾಯಿತಿಯ ಒಂದು ಗ್ರಾಮಸಭೆಯಲ್ಲಿ, ಸಾಧ್ಯವಾದರೆ ಮಕ್ಕಳ ಗ್ರಾಮಸಭೆಯಲ್ಲಿ, ಆರಂಭದಿಂದ ಕೊನೆಯವರೆಗೆ ಇರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರದ ದಿನ ಹೊರಗಿನ ಬೆಂಚಿನಲ್ಲಿ ಕಾಯುವವರಿಗೆ ಚೀಟಿ ಮಾಡಿಸಿಕೊಡುವಂಥ ಸಣ್ಣ ಸಹಾಯಕ್ಕೆ ಅನುಮತಿ ಕೇಳಿ. ಪ್ರತಿ ಸಂಜೆ ಒಂದು ಪುಟ ಬರೆಯಿರಿ: ಇಂದು ಯಾವ ಗಳಿಗೆಯಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ, ಯಾವ ಗಳಿಗೆಯಲ್ಲಿ ಎದ್ದು ಹೋಗಬೇಕೆನಿಸಿತು. ಒಬ್ಬರ ಎದುರು ಕುಳಿತು ಆಲಿಸುವುದು ಹಿತವಾಯಿತೇ, ಇಪ್ಪತ್ತು ಜನರ ಸಭೆ ನಡೆಸುವುದು ಹಿತವಾಯಿತೇ, ಕಾನೂನು ಮತ್ತು ಕಡತದ ಕೆಲಸ ಹಿಡಿಸಿತೇ ಎಂಬುದಕ್ಕೆ ಆ ಮೂವತ್ತು ಪುಟಗಳಲ್ಲಿ ಉತ್ತರ ಸಿಗುತ್ತದೆ. ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ, ಸಮಾಜ ಕಲ್ಯಾಣ ಆಡಳಿತ ಎಂದು ಪಠ್ಯಪುಸ್ತಕ ವಿಂಗಡಿಸುವುದು ಹೆಚ್ಚುಕಡಿಮೆ ಇದನ್ನೇ.

ಎರಡನೆಯ ಹೆಜ್ಜೆ: ನಮ್ಮ ಎರಡು ಜಿಲ್ಲೆಗಳಲ್ಲಿ ಯಾವ ಕೆಲಸಗಳಿವೆ ಎಂದು ತಿಳಿಯುವುದು

ಆಸ್ಪತ್ರೆಯಿಂದ ಆರಂಭಿಸೋಣ. ಹಾಸನದ ಹಿಮ್ಸ್‌ನಂಥ ಬೋಧನಾ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಮಾಡುವ ಕೆಲಸ ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ. ಅಪಘಾತದಲ್ಲಿ ಬಂದವರ ಮನೆಯವರನ್ನು ಪತ್ತೆಹಚ್ಚುವುದು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಅಡಿಯಲ್ಲಿ ಚಿಕಿತ್ಸೆ ದೊರೆಯುವಂತೆ ದಾಖಲೆ ಹೊಂದಿಸುವುದು, ಬೆಂಗಳೂರಿಗೆ ಕಳುಹಿಸಿದ ರೋಗಿ ಅಲ್ಲಿಗೆ ತಲುಪಿದರೇ ಎಂದು ವಿಚಾರಿಸುವುದು, ಬಿಡುಗಡೆಯಾದ ಮೇಲೆ ಮಾತ್ರೆ ತಪ್ಪಿಸದಂತೆ ಮನೆಯವರೊಂದಿಗೆ ಮಾತನಾಡುವುದು ಅವರ ನಿತ್ಯದ ಕೆಲಸ.

ಮನೋವೈದ್ಯಕೀಯ ಸಮಾಜಕಾರ್ಯ ಇದರೊಳಗಿನ ವಿಶೇಷ ಶಾಖೆ, ಮತ್ತು ಕರ್ನಾಟಕದವರಾದ ನಮಗೆ ಇದರಲ್ಲಿ ಹೆಮ್ಮೆಯ ಪಾಲಿದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಈ ದಾರಿ ಹಿಡಿಯುವವರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಎನಿಸಿಕೊಳ್ಳಲು ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾತ್ರ ಸಾಲದು, ಅದರ ಮೇಲೆ, ಮೇಲ್ವಿಚಾರಣೆಯಲ್ಲಿ ಪಡೆದ ಚಿಕಿತ್ಸಾಲಯ ತರಬೇತಿಯನ್ನೊಳಗೊಂಡ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಬೇಕು. ಎಂ.ಫಿಲ್. ಪದವಿಗಳನ್ನು ಯುಜಿಸಿ 2022ರ ನಿಯಮಗಳಲ್ಲಿ ಕೈಬಿಟ್ಟು, ಈ ಕೋರ್ಸಿಗೆ ಸೀಮಿತ ಅವಧಿಯ ವಿನಾಯಿತಿಯನ್ನಷ್ಟೇ ಕೊಟ್ಟಿದ್ದರಿಂದ, ಅರ್ಜಿ ಹಾಕುವ ವರ್ಷದ ಪ್ರಕಟಣೆಯಲ್ಲಿ ಪದವಿಯ ಹೆಸರು, ಮಾನ್ಯತೆ, ಅವಧಿಗಳನ್ನು ಓದಿ ನೋಡಿಯೇ ಮುಂದುವರಿಯಿರಿ. ಒಟ್ಟು ನಾಲ್ಕು ವರ್ಷ ಓದಬೇಕಾದ ದಾರಿ ಇದು. ಮನೆಯ ಪರಿಸ್ಥಿತಿ ತಕ್ಷಣದ ಸಂಪಾದನೆಯನ್ನು ಕೇಳುತ್ತಿದ್ದರೆ, ನಡುವೆ ಎರಡು ವರ್ಷ ದುಡಿದು ಮತ್ತೆ ಓದಿಗೆ ಮರಳುವ ಯೋಜನೆ ಮಾಡಿಕೊಳ್ಳುವುದು ಲೇಸು.

ಮಕ್ಕಳು ಮತ್ತು ಮಹಿಳೆಯರ ರಕ್ಷಣೆಯ ಕ್ಷೇತ್ರದಲ್ಲಿ ಹುದ್ದೆಗಳು ಬಹುಪಾಲು ಕಾನೂನಿನ ಚೌಕಟ್ಟಿನಲ್ಲಿ ಹುಟ್ಟಿಕೊಂಡವು. 2015ರ ಬಾಲನ್ಯಾಯ ಕಾಯ್ದೆಯ ಅಡಿಯಲ್ಲಿ ಪ್ರತಿ ಜಿಲ್ಲೆಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ, ಬಾಲ ನ್ಯಾಯ ಮಂಡಳಿ ಇರುತ್ತವೆ. ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರಿದ್ದು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. 1098 ಮಕ್ಕಳ ಸಹಾಯವಾಣಿ, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, ಸಾಂತ್ವನ ಕೇಂದ್ರಗಳಲ್ಲಿಯೂ ಸಮಾಜಕಾರ್ಯ ಓದಿದವರಿಗೆ ಕೆಲಸವಿದೆ. ಇಲ್ಲಿ ರಾತ್ರಿ ಹನ್ನೊಂದಕ್ಕೆ ಕರೆ ಬರುತ್ತದೆ, ಬಾಲ್ಯವಿವಾಹ ತಡೆಯಲು ಹೋದ ಊರಿನಲ್ಲಿ ಪರಿಚಯದವರೇ ಎದುರು ನಿಲ್ಲುತ್ತಾರೆ. ನೀವು ಬರೆಯುವ ಸಾಮಾಜಿಕ ತನಿಖಾ ವರದಿಯ ಮೇಲೆ ಒಂದು ಮಗು ಮನೆಗೆ ಹೋಗಬೇಕೇ, ಬಾಲಮಂದಿರದಲ್ಲಿ ಇರಬೇಕೇ ಎಂಬ ನಿರ್ಧಾರ ನಿಲ್ಲುವುದರಿಂದ, ಬರವಣಿಗೆಯಲ್ಲಿ ಅಜಾಗರೂಕರಾದವರು ಈ ಕ್ಷೇತ್ರಕ್ಕೆ ಬರಬಾರದೆಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಮಗುವಿನ ಗುರುತನ್ನು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮತ್ತು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಪರಾಧ. ವಾಟ್ಸಾಪ್‌ನಲ್ಲಿ ಹಾಕಿದ ಒಂದು ಫೋಟೊ ಕೂಡ ಆ ಮಗುವಿನ ಇಡೀ ಬದುಕಿಗೆ ಪೆಟ್ಟು ಕೊಡಬಲ್ಲದು.

ಇನ್ನು ನಮ್ಮ ಮಲೆನಾಡಿಗೇ ವಿಶಿಷ್ಟವಾದ, ಆದರೂ ವಿದ್ಯಾರ್ಥಿಗಳು ಅಷ್ಟಾಗಿ ಗಮನಿಸದ ಕ್ಷೇತ್ರವೆಂದರೆ ಕಾಫಿ ತೋಟದ ಕಾರ್ಮಿಕರ ಕಲ್ಯಾಣ. 1951ರ ತೋಟ ಕಾರ್ಮಿಕರ ಕಾಯ್ದೆಯು 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ತೋಟಗಳಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದಿತ್ತು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಆ ಸಂಖ್ಯೆ 500. ಈ ಎರಡೂ ಕಾಯ್ದೆಗಳು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿಹೋಗಿವೆ. ಸಣ್ಣ ಹಿಡುವಳಿಗಳೇ ಹೆಚ್ಚಿರುವ ನಮ್ಮಲ್ಲಿ ಇಂಥ ಹುದ್ದೆ ಇರುವ ತೋಟಗಳು ಕಡಿಮೆ. ಆದರೆ ಕೆಲಸದ ಅಗತ್ಯ ಎಲ್ಲ ತೋಟಗಳಲ್ಲೂ ಇದೆ.

ಕುಯ್ಲಿನ ಕಾಲದಲ್ಲಿ ಸಕಲೇಶಪುರದ ಕಡೆಯ ಒಂದು ತೋಟದ ಲೈನ್ ಮನೆಗೆ, ಅಂದರೆ ಕಾರ್ಮಿಕರ ಸಾಲುಮನೆಗೆ, ನಾನು ಹೋದದ್ದು ನೆನಪಿದೆ. ಕಣದ ಬಳಿ ಹಣ್ಣು ಅಳೆಸಿಕೊಂಡು, ರೈಟರ ಪುಸ್ತಕದಲ್ಲಿ ಲೆಕ್ಕ ಬರೆಸಿ ಹಿಂದಿರುಗಿದ್ದ ಅಸ್ಸಾಮಿನ ತಾಯಿಯೊಬ್ಬಳು ಪ್ಲಾಸ್ಟಿಕ್ ಚೀಲದೊಳಗಿಂದ ಮಗುವಿನ ಲಸಿಕೆಯ ಕಾರ್ಡ್ ತೆಗೆದುಕೊಟ್ಟಳು. ಕಾರ್ಡ್ ಅಸ್ಸಾಮಿ ಲಿಪಿಯಲ್ಲಿತ್ತು. ಜೊತೆಗಿದ್ದ ಆಶಾ ಕಾರ್ಯಕರ್ತೆಗೂ ನನಗೂ ಅದನ್ನು ಓದಲು ಬರಲಿಲ್ಲ. ಅಂಕಿಗಳೂ ನಮಗೆ ತಿಳಿಯದವು. ಪಕ್ಕದ ಮನೆಯ ಹುಡುಗನೊಬ್ಬ ಅಷ್ಟಿಷ್ಟು ಹಿಂದಿಯಲ್ಲಿ ಓದಿ ಹೇಳಿದ ಮೇಲೆ ಯಾವ ಲಸಿಕೆ ಬಾಕಿ ಇದೆ ಎಂದು ಗೊತ್ತಾಯಿತು. ಶಾಲೆ ತಪ್ಪಿದ ಮಕ್ಕಳು, ಕೆಲಸಕ್ಕೆ ಹೋದ ತಾಯಂದಿರು ಬಿಟ್ಟುಹೋದ ಶಿಶುಗಳು, ಬೆಳಗಿನ ಹೊತ್ತು ತೋಟಕ್ಕೆ ನಡೆಯುವವರ ಎದುರಾಗುವ ಆನೆ, ಮುಂಗಡದ ಸಾಲ: ಇವೆಲ್ಲವೂ ಒಂದೇ ಲೈನಿನಲ್ಲಿ ಸಿಗುತ್ತವೆ. ಈ ಕ್ಷೇತ್ರ ಬಯಸುವವರು ಕೆಲಸಕ್ಕೆ ಬೇಕಾಗುವಷ್ಟು ಹಿಂದಿಯನ್ನು, ಸಾಧ್ಯವಾದರೆ ತಮಿಳನ್ನೂ ಕಲಿಯಬೇಕು. ಸಾಹುಕಾರರೊಂದಿಗೂ ಮೇಸ್ತ್ರಿಯೊಂದಿಗೂ ಕೆಲಸಗಾರರೊಂದಿಗೂ ಒಂದೇ ಮರ್ಯಾದೆಯಲ್ಲಿ ಮಾತನಾಡುವ ಅಭ್ಯಾಸವನ್ನೂ ಬೆಳೆಸಿಕೊಳ್ಳಬೇಕು.

ಸಮುದಾಯ ಅಭಿವೃದ್ಧಿಯ ಕ್ಷೇತ್ರ ಬಹಳ ವಿಶಾಲವಾದದ್ದು. ಸಂಜೀವಿನಿ ಯೋಜನೆಯ ಸ್ವಸಹಾಯ ಸಂಘಗಳ ಒಕ್ಕೂಟಗಳು, ಅರಸೀಕೆರೆ ಮತ್ತು ಕಡೂರಿನ ಬಯಲುಸೀಮೆಯ ಕೆರೆ-ಜಲಾನಯನ ಕೆಲಸಗಳು, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಸಮುದಾಯ, ಹೇಮಾವತಿ ಜಲಾಶಯಕ್ಕಾಗಿ ಊರು ಬಿಟ್ಟ ಕುಟುಂಬಗಳು, ಕಳಸ-ಕೊಪ್ಪ-ಶೃಂಗೇರಿ ಕಡೆಯ ಅರಣ್ಯವಾಸಿಗಳ ಹಕ್ಕಿನ ಅರ್ಜಿಗಳು ಎಲ್ಲವೂ ಇದರೊಳಗೆ ಬರುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕಾಗುತ್ತದೆ. ಆ ಸಾಕ್ಷ್ಯವನ್ನು ಹಿರಿಯರ ಹೇಳಿಕೆಯಿಂದ, ಹಳೆಯ ಮನೆಯ ಪಾಯದಿಂದ, ಊರ ದೇವರ ಬನದಿಂದ ಕಟ್ಟಿಕೊಡುವ ತಾಳ್ಮೆ ಇರುವವರಿಗೆ ಇದು ಹೇಳಿ ಮಾಡಿಸಿದ ಕೆಲಸ.

ಅಂಗವಿಕಲರ ಕ್ಷೇತ್ರಕ್ಕೆ ಬರುವವರು 2016ರ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳನ್ನು ತಿಳಿದುಕೊಂಡು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಂದಿಗೆ ಒಂದು ವಾರ ಓಡಾಡಿ ನಿರ್ಧರಿಸಬಹುದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ವಿಭಾಗಗಳಲ್ಲಿ ಸಂಬಳ ಉತ್ತಮವಾಗಿರುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಇದಕ್ಕೆ ಖರ್ಚು ಮಾಡಬೇಕೆನ್ನುತ್ತದೆ. ಅಲ್ಲಿ ಇಂಗ್ಲಿಷ್ ವರದಿ ಮತ್ತು ಎಕ್ಸೆಲ್ ಹಾಳೆಗಳೇ ದಿನಚರಿ. ಹುದ್ದೆಗಳೂ ಬಹುಪಾಲು ಬೆಂಗಳೂರಿನಲ್ಲಿರುತ್ತವೆ.

ಮೂರನೆಯ ಹೆಜ್ಜೆ: ಎಲ್ಲಿ, ಏನು ಓದಬೇಕೆಂದು ತೀರ್ಮಾನಿಸುವುದು

ಬಿ.ಎಸ್.ಡಬ್ಲ್ಯು. (ಸಮಾಜಕಾರ್ಯದ ಪದವಿ) ಮಾಡಿದ್ದರೆ ಒಳ್ಳೆಯದು, ಮಾಡಿಲ್ಲವೆಂದು ಹಿಂಜರಿಯಬೇಕಾಗಿಲ್ಲ; ಬೇರೆ ವಿಷಯದ ಪದವೀಧರರಿಗೂ ಎಂ.ಎಸ್.ಡಬ್ಲ್ಯು. ತೆರೆದಿದೆ, ಅವಧಿ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಮೈಸೂರಿನ ಮಾನಸಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, 1960ರಲ್ಲಿ ಆರಂಭವಾದ ಮಂಗಳೂರಿನ ರೋಶನಿ ನಿಲಯ ನಮ್ಮ ಜಿಲ್ಲೆಗಳವರು ಸಾಮಾನ್ಯವಾಗಿ ಹೋಗುವ ಕಡೆಗಳು. ಟಾಟಾ ಸಂಸ್ಥೆಗೆ ಸಿಯುಇಟಿ-ಪಿಜಿ ಪರೀಕ್ಷೆ ಬರೆಯಬೇಕು. ಈಗಾಗಲೇ ಕೆಲಸದಲ್ಲಿರುವವರು ಇಗ್ನೊ ಮೂಲಕ ದೂರಶಿಕ್ಷಣದಲ್ಲಿ ಎಂ.ಎಸ್.ಡಬ್ಲ್ಯು. ಮಾಡಬಹುದು, ಆದರೆ ಈಗಷ್ಟೇ ಪದವಿ ಮುಗಿಸಿದವರಿಗೆ ನಾನು ತರಗತಿಯ ಓದನ್ನೇ ಸೂಚಿಸುತ್ತೇನೆ, ಏಕೆಂದರೆ ಈ ವಿದ್ಯೆಯ ಅರ್ಧ ಭಾಗ ಕ್ಷೇತ್ರಕಾರ್ಯದಲ್ಲಿ, ಮೇಲ್ವಿಚಾರಕರ ಎದುರು ಕುಳಿತು ತಪ್ಪು ತಿದ್ದಿಸಿಕೊಳ್ಳುವುದರಲ್ಲಿ ಇದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಹಿರಿಯ ವಿದ್ಯಾರ್ಥಿಯೊಬ್ಬರನ್ನು ಹುಡುಕಿ ಮೂರು ಪ್ರಶ್ನೆ ಕೇಳಿ. ವಾರಕ್ಕೆ ಎರಡು ದಿನದ ಕ್ಷೇತ್ರಕಾರ್ಯ ನಿಜವಾಗಿಯೂ ನಡೆಯುತ್ತದೆಯೇ ಅಥವಾ ಹಾಜರಿ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆಯೇ? ಅಧ್ಯಾಪಕರು ಕ್ಷೇತ್ರಕಾರ್ಯದ ವರದಿಯನ್ನು ಓದಿ, ಬದಿಯಲ್ಲಿ ಟಿಪ್ಪಣಿ ಬರೆದು ಹಿಂದಿರುಗಿಸುತ್ತಾರೆಯೇ? ಗ್ರಾಮೀಣ ಶಿಬಿರದಲ್ಲಿ ಊರಿನವರೊಂದಿಗೆ ಕೆಲಸ ಮಾಡಿದಿರೋ, ವೇದಿಕೆ ಕಾರ್ಯಕ್ರಮ ಮಾಡಿ ಬಂದಿರೋ? ಈ ಮೂರಕ್ಕೆ ಸಿಗುವ ಉತ್ತರ ಯಾವ ಶ್ರೇಯಾಂಕಪಟ್ಟಿಗಿಂತಲೂ ಹೆಚ್ಚನ್ನು ತಿಳಿಸುತ್ತದೆ.

ಕೊನೆಯ ಸೆಮಿಸ್ಟರಿನ ಒಂದು ತಿಂಗಳ ತರಬೇತಿಯನ್ನು ನೀವು ಕೆಲಸ ಮಾಡಬಯಸುವ ಕ್ಷೇತ್ರದಲ್ಲೇ, ಸಾಧ್ಯವಾದರೆ ಕೆಲಸ ಕೊಡಬಲ್ಲ ಸಂಸ್ಥೆಯಲ್ಲೇ ಮಾಡಿ. ಮನೆಗೆ ಹತ್ತಿರ ಎಂಬ ಕಾರಣಕ್ಕೆ ಆ ತಿಂಗಳನ್ನು ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ.

ನಾಲ್ಕನೆಯ ಹೆಜ್ಜೆ: ಮೊದಲ ಕೆಲಸಕ್ಕೆ ಸೇರುವ ಮುನ್ನ ಕಾಗದಪತ್ರ ನೋಡುವುದು

ನಾನು ಸೇರಿದ ಮೊದಲ ಸ್ವಯಂಸೇವಾ ಸಂಸ್ಥೆಯಲ್ಲಿ ನಾಲ್ಕು ತಿಂಗಳು ಸಂಬಳ ಬರಲಿಲ್ಲ. ಅನುದಾನದ ಎರಡನೆಯ ಕಂತು ತಡವಾಗಿತ್ತು, ನನ್ನ ಹುದ್ದೆ ಆ ಒಂದೇ ಯೋಜನೆಯ ಮೇಲೆ ನಿಂತಿತ್ತು, ಮತ್ತು ಆ ವಿಷಯವನ್ನು ಸೇರುವಾಗ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಳ್ಳೆಯ ಕೆಲಸಕ್ಕೆ ಸೇರುವಾಗ ಸಂಬಳದ ಮಾತೆತ್ತುವುದು ಸಣ್ಣತನವೆಂದುಕೊಂಡಿದ್ದೆ. ಬಾಡಿಗೆ ಕಟ್ಟಲು ಅಣ್ಣನ ಬಳಿ ಕೈಚಾಚಿದಾಗ ಆ ಎಣಿಕೆ ತಪ್ಪೆಂದು ತಿಳಿಯಿತು.

ಆದ್ದರಿಂದ ಕೇಳಿ. ಹುದ್ದೆ ಯಾವ ಯೋಜನೆಯದು, ಆ ಯೋಜನೆ ಯಾವ ತಿಂಗಳಿಗೆ ಮುಗಿಯುತ್ತದೆ? ನೇಮಕಾತಿ ಪತ್ರ ಕೊಡುತ್ತೀರಾ? ಕೊಡುವುದು ಸಂಬಳವೋ, ಗೌರವಧನವೋ? ಇಪ್ಪತ್ತು ಅಥವಾ ಹೆಚ್ಚು ಸಿಬ್ಬಂದಿ ಇದ್ದರೆ ಭವಿಷ್ಯನಿಧಿ ಕಟ್ಟುತ್ತೀರಾ? ಕ್ಷೇತ್ರ ಭೇಟಿಯ ಪ್ರಯಾಣ ವೆಚ್ಚ ಪ್ರತ್ಯೇಕವಾಗಿ ಬರುತ್ತದೆಯೇ? ಮಲೆನಾಡಿನ ತಾಲ್ಲೂಕುಗಳಲ್ಲಿ ಸಂಜೆಯ ಕೊನೆಯ ಬಸ್ ತಪ್ಪಿದರೆ ಆಟೊ ಬಾಡಿಗೆ ದಿನದ ಸಂಬಳವನ್ನೇ ನುಂಗುವುದರಿಂದ ಈ ಕೊನೆಯ ಪ್ರಶ್ನೆಯನ್ನು ಹಗುರವಾಗಿ ಎಣಿಸಬೇಡಿ. ಸಂಸ್ಥೆಯ ಹಿನ್ನೆಲೆ ತಿಳಿಯಲು ಅದು ಸರ್ಕಾರದ ಎನ್‌ಜಿಒ ದರ್ಪಣ್ ತಾಣದಲ್ಲಿ ನೋಂದಣಿಯಾಗಿದೆಯೇ, ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ ಇದೆಯೇ, ವಿದೇಶಿ ದೇಣಿಗೆ ಪಡೆಯುವುದಾದರೆ ಎಫ್‌ಸಿಆರ್‌ಎ ಅನುಮತಿ ಚಾಲ್ತಿಯಲ್ಲಿದೆಯೇ, ವಾರ್ಷಿಕ ಲೆಕ್ಕಪತ್ರ ಪ್ರಕಟಿಸುತ್ತದೆಯೇ ಎಂದು ನೋಡಿ. ಪ್ರಾಮಾಣಿಕ ಸಂಸ್ಥೆ ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವುದಿಲ್ಲ.

ಸರ್ಕಾರಿ ವ್ಯವಸ್ಥೆಯಲ್ಲಿಯೂ ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ, ಸಖಿ, ಸಂಜೀವಿನಿಗಳ ಅನೇಕ ಹುದ್ದೆಗಳು ಗುತ್ತಿಗೆ ಅಥವಾ ಹೊರಗುತ್ತಿಗೆಯವು. ಖಾಯಂ ನೌಕರಿ ಬಯಸುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿ ಮೇಲ್ವಿಚಾರಕಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮುಂತಾದ ನೇಮಕಾತಿಗಳ ಅಧಿಸೂಚನೆಗಳನ್ನು ಗಮನಿಸುತ್ತಿರಬೇಕು. ಆದರೆ ಅಧಿಸೂಚನೆಗಾಗಿ ಮನೆಯಲ್ಲಿ ಕುಳಿತು ವರ್ಷಗಳನ್ನು ಕಳೆಯುವುದಕ್ಕಿಂತ ಗುತ್ತಿಗೆ ಕೆಲಸ ಮಾಡುತ್ತಲೇ ಓದುವುದನ್ನು ನಾನು ಬೆಂಬಲಿಸುತ್ತೇನೆ. ಅಧ್ಯಾಪನದತ್ತ ಒಲವಿರುವವರಿಗೆ ಎನ್‌ಇಟಿ ಮತ್ತು ಕೆ-ಸೆಟ್ ಪರೀಕ್ಷೆಗಳಲ್ಲಿ ಸಮಾಜಕಾರ್ಯ ಪ್ರತ್ಯೇಕ ವಿಷಯವಾಗಿಯೇ ಇದೆ. ಕ್ಷೇತ್ರದಲ್ಲಿ ಮೂರು ವರ್ಷವಾದರೂ ದುಡಿದು ಆಮೇಲೆ ತರಗತಿಗೆ ಹೋದವರ ಪಾಠಕ್ಕೆ ಬೇರೆಯೇ ತೂಕವಿರುತ್ತದೆ.

ಐದನೆಯ ಹೆಜ್ಜೆ: ಎರಡು ವರ್ಷಗಳ ಬಳಿಕ ಮರುಪರಿಶೀಲನೆ, ಮತ್ತು ಮನೆಯವರೊಂದಿಗೆ ಮಾತು

ಮೊದಲ ಆಯ್ಕೆಯೇ ಕೊನೆಯದಾಗಬೇಕಿಲ್ಲ. ಎರಡು ವರ್ಷ ತುಂಬಿದಾಗ ಆ ಹಳೆಯ ಮೂವತ್ತು ಪುಟಗಳನ್ನು ತೆಗೆದು ಓದಿ, ಈಗಿನ ದಿನಚರಿಯೊಂದಿಗೆ ಹೋಲಿಸಿ. ರಾತ್ರಿ ನಿದ್ರೆ ಬಾರದಿರುವುದು, ಜನರ ಕಷ್ಟ ಕೇಳಿದಾಗ ಸಿಟ್ಟು ಬರುವುದು ಆರಂಭವಾಗಿದ್ದರೆ ಅದನ್ನು ದೌರ್ಬಲ್ಯವೆಂದು ಮುಚ್ಚಿಡದೆ ಹಿರಿಯ ಸಹೋದ್ಯೋಗಿಯೊಡನೆ ಹೇಳಿಕೊಳ್ಳಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕಾರ್ಯಕರ್ತರಿಗೂ ಇರುವುದೇ. ಮಕ್ಕಳ ರಕ್ಷಣೆಯಿಂದ ಸಮುದಾಯ ಸಂಘಟನೆಗೆ, ಆಸ್ಪತ್ರೆಯಿಂದ ತರಬೇತಿಗೆ ಬದಲಾಯಿಸಿಕೊಂಡರೆ ಕಲಿತದ್ದೇನೂ ವ್ಯರ್ಥವಾಗುವುದಿಲ್ಲ.

ಮನೆಯವರ ಆತಂಕವನ್ನು ವಾದದಿಂದ ನಿವಾರಿಸುವುದು ಕಷ್ಟ. ಸಂಬಳ, ಯೋಜನೆಯ ಅವಧಿ, ಮುಂದಿನ ಪರೀಕ್ಷೆಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ಸಂಸ್ಥೆಯವರ ಮತ್ತು ಅಲ್ಲಿಗೆ ಬರುವವರ ಗೌಪ್ಯತೆಗೆ ಧಕ್ಕೆಯಾಗದಂತೆ ಒಮ್ಮೆ ಕೆಲಸದ ಸ್ಥಳವನ್ನು ತೋರಿಸಿ. "ಜನರ ಹತ್ರ ಮಾತಾಡಕ್ಕೂ ಎರಡು ವರ್ಷ ಓದ್ಬೇಕೇನಮ್ಮ?" ಎಂದು ಕೇಳುತ್ತಿದ್ದ ನನ್ನ ಅಪ್ಪ ಒಂದು ಮಂಗಳವಾರ ಸಂತೆ ಮುಗಿಸಿಕೊಂಡು ತಾಲ್ಲೂಕು ಆಸ್ಪತ್ರೆಯ ಹೊರಗೆ ನನಗಾಗಿ ಕಾಯುತ್ತ ಕುಳಿತಿದ್ದರು. ಒಳಗೆ ಬರಲು ಒಪ್ಪದ ಒಬ್ಬ ಯುವಕ ಅವರ ಪಕ್ಕದಲ್ಲೇ ಬೆಂಚಿನ ತುದಿಯಲ್ಲಿ ಕುಳಿತಿದ್ದ. ಅವನ ತಾಯಿ, ನಾನು, ಅವನು ಮೂವರೂ ಮುಕ್ಕಾಲು ಗಂಟೆ ಅಲ್ಲಿಯೇ ಕುಳಿತು ಮಾತನಾಡಿದ ಮೇಲೆ ಅವನು ಎದ್ದು ವೈದ್ಯರ ಕೋಣೆಗೆ ನಡೆದ. ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಅಪ್ಪ ಆ ಹುಡುಗನ ಹೆಸರು ಕೇಳಿದರು. ಹೇಳುವಂತಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನು ಮತ್ತೆ ಯಾವ ಮಂಗಳವಾರ ಬರಬೇಕು ಎಂದು ಕೇಳಿದರು.